ಭೀಮನ ಬಾಲ

ಜೀವಮಾನವಿಡೀ ಗೋಡೆಯ ಹಲ್ಲಿಗಳನ್ನು ಪೊರಕೆ ಹಿಡಿದು ಅಟ್ಟಿದವನು ನಾನು. ಅಂಥವನು ಒಂದು ಹಲ್ಲಿಯ ಬಾಲ ಸಣ್ಣಗಾಯಿತೆಂದು ಊಟ ಬಿಟ್ಟು ಕೂತೆ ಎಂದರೆ ನಿಮಗೆ ನಗು ಬರುತ್ತದೆ. ನಗಿ, ಪರವಾಗಿಲ್ಲ, ಕೊನೆಗೆ ಗೆದ್ದವನು ನಾನೇ.

ಹಲ್ಲಿ ನನ್ನದಲ್ಲ, ಇಂದಿರಾನಗರದಲ್ಲಿರುವ ಬಾಮೈದ ಸುಧೀಂದ್ರನದು. ಹೊಸದಾಗಿ ಮದುವೆಯಾದವನು, ಹೆಂಡತಿಯೊಡನೆ ಎರಡು ತಿಂಗಳ ತಿರುಗಾಟಕ್ಕೆ ಹೊರಟಾಗ ಗಾಜಿನ ಪೆಟ್ಟಿಗೆಯೊಂದನ್ನು ದೊಮ್ಮಲೂರಿನ ನಮ್ಮ ಮನೆಗೆ ತಂದಿಟ್ಟ. ಒಳಗೆ ಮೈತುಂಬ ಚುಕ್ಕೆಯ ವಿದೇಶಿ ಹಲ್ಲಿ, ಹೆಸರು ಭೀಮ. "ಭಾವ, ಇವನ ಆರೋಗ್ಯವೆಲ್ಲ ಬಾಲದಲ್ಲೇ ಇರೋದು. ದಪ್ಪ ಇದ್ರೆ ಚೆನ್ನಾಗಿದಾನೆ ಅಂತ, ಸಣ್ಣ ಆದ್ರೆ ಕಷ್ಟ. ಪೆಟ್ಟಿಗೆ ಕೆಳಗೆ ಹೀಟರ್ ಮ್ಯಾಟ್ ಇದೆ, ಯಾವಾಗ್ಲೂ ಆನ್ ಇರ್ಲಿ" ಎಂದ. ನನ್ನ ಹೆಂಡತಿ ಪದ್ಮ ತಮ್ಮನನ್ನು ಒಳಗೆ ಕರೆದು, "ಇವ್ರ ಕೈಗೆ ಯಾಕೋ ಕೊಟ್ಟೆ? ತುಳಸಿ ಗಿಡಾನೇ ಒಣಗಿಸಿದೋರು" ಎಂದದ್ದು ನನಗೂ ಕೇಳಿಸಿತು. ಆ ಕ್ಷಣದಿಂದ ಭೀಮನ ಪ್ರಾಣವೂ ನನ್ನ ಮಾನವೂ ಒಂದೇ ಬಾಲಕ್ಕೆ ಅಂಟಿಕೊಂಡವು.

ಪ್ರತಿ ಬೆಳಿಗ್ಗೆ ಪದ್ಮ ಹೂ ಕಟ್ಟುವ ದಾರದಿಂದ ಬಾಲದ ಸುತ್ತಳತೆ ತೆಗೆದು ಗಂಟು ಹಾಕುತ್ತಿದ್ದೆ. ಅಳತೆ ಕುಗ್ಗುತ್ತಲೇ ಹೋಯಿತು. ಶಿವಾಜಿನಗರದಿಂದ ಜೀವಂತ ಹುಳು ತಂದಿಟ್ಟರೆ ಭೀಮ ಮುಖ ತಿರುಗಿಸುತ್ತಿದ್ದ. ದೃಷ್ಟಿಯಾಗಿದೆಯೆಂದು ಪದ್ಮ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದಳು. ಘಾಟಿಗೆ ಸೀನಿದವನು ನಾನೊಬ್ಬನೇ. ಒಂದು ದಿನ ಭೀಮ ಕಣ್ಣು ಮುಚ್ಚಿ ಮೂಲೆಯಲ್ಲಿ ಬಿದ್ದಿದ್ದ. ಆಸ್ಪತ್ರೆಗೆ ಒಯ್ಯೋಣವೆಂದು ಪೆಟ್ಟಿಗೆಯ ಕೆಳಗೆ ಕೈ ಹಾಕಿದರೆ ತಣ್ಣಗೆ ಕೊರೆಯುತ್ತಿದೆ! ನೋಡಿದರೆ ಸ್ವಿಚ್ ಆಫ್.

"ಯಾರೇ ಇದನ್ನ ಆಫ್ ಮಾಡಿದ್ದು?" ಎಂದು ಅಬ್ಬರಿಸಿದೆ.

"ರೂಮಿಂದ ಹೊರಗೆ ಬರೋವಾಗ ಇರೋ ಬರೋ ಸ್ವಿಚ್ಚೆಲ್ಲ ಆರಿಸ್ಕೊಂಡು ಬರೋರು ಈ ಮನೇಲಿ ಇನ್ಯಾರ್ರೀ ಇದಾರೆ?"

ನಿಜ. ಮೊದಲ ದಿನ ಬಾಲ ಅಳೆದು ಹೊರಬರುವಾಗಲೇ ಕೈ ತನ್ನ ಪಾಡಿಗೆ ತಾನು ಕೆಲಸ ಮುಗಿಸಿತ್ತು. ಪದ್ಮ ಸ್ವಿಚ್ ಹಾಕಿ, ಆಯುಧಪೂಜೆಗೆ ಸ್ಕೂಟರಿಗೆ ಇಡುವಂತೆ ಅದರ ಮೇಲೊಂದು ಕುಂಕುಮದ ಬೊಟ್ಟಿಟ್ಟಳು. "ಈಗ ಮುಟ್ಟಿ ನೋಡೋಣ" ಎಂದಳು. ಕುಂಕುಮವಿಟ್ಟದ್ದನ್ನು ಆರಿಸುವಷ್ಟು ಧೈರ್ಯ ನನಗೆಲ್ಲಿ ಬರಬೇಕು?

ಬಿಸಿ ತಾಗಿದ್ದೇ ಭೀಮ ಮೆಲ್ಲಗೆ ಸರಿದು ಬಂದು ಹೊಟ್ಟೆ ಚಾಚಿ ಮಲಗಿದ. ಕೆಲವೇ ದಿನಗಳಲ್ಲಿ ಹುಳುವನ್ನು ಗಬಕ್ಕನೆ ಹಿಡಿದ. ನಾನು ಕುಣಿದಾಡಿಬಿಟ್ಟೆ. ದಾರದ ಅಳತೆ ಮತ್ತೆ ಏರತೊಡಗಿತು. ಸುಧೀಂದ್ರ ವಾಪಸ್ ಬಂದವನು ಬಾಲ ನೋಡಿ, "ಏನ್ ಭಾವ, ನನ್ ಹತ್ರ ಇದ್ದಾಗ್ಲೂ ಇಷ್ಟು ದಪ್ಪ ಇರ್ಲಿಲ್ಲ!" ಎಂದು ಬೆರಗಾದ. ಪದ್ಮ ಸ್ವಿಚ್ಚಿನ ಕಥೆ ಎತ್ತದೆ ಕಾಫಿ ಕೊಟ್ಟಳು. ನಾನು ಹಲ್ಲಿ ಸಾಕಣೆಯ ಕುರಿತು ಅವನಿಗೆ ದೀರ್ಘವಾಗಿ ಉಪದೇಶ ಮಾಡಿದೆ.

ಭೀಮ ಇಂದಿರಾನಗರಕ್ಕೆ ಹೋದ. ನಿನ್ನೆ ಧಾರಾವಾಹಿಯ ಮಧ್ಯೆ ಪದ್ಮ ಅಡುಗೆಮನೆಗೆ ಎದ್ದುಹೋದಳು. ಖಾಲಿ ನಡುಮನೆಯಲ್ಲಿ ಟಿ.ವಿ. ಯಾಕೆಂದು ಆರಿಸಲು ಕೈ ಚಾಚಿದೆ. ಸ್ವಿಚ್ಚಿನ ಮೇಲೆ ಕುಂಕುಮದ ಬೊಟ್ಟು! ನಮಸ್ಕಾರ ಹಾಕಿ ಹಿಂದಿರುಗಿದೆ.