ಪೆಪಿಯ ಕೆರೆತ

ಶನಿವಾರ ಬೆಳಿಗ್ಗೆ ಎಗೋನ್ ರಾಪ್ ಬಾಗಿಲು ತೆರೆದರೆ ಹಿಡಿಕೆಗೆ ಗುಡಿಸುವ ವಾರದ ಹಲಗೆ ತೂಗುತ್ತಿತ್ತು. ಅದು ಯಾರ ಬಾಗಿಲಲ್ಲಿ ತೂಗುತ್ತದೋ ಆ ವಾರ ಮೆಟ್ಟಿಲು ತಿಕ್ಕುವ ಸರದಿ ಅವರದು. ಸ್ಟುಟ್‌ಗಾರ್ಟ್‌ನಲ್ಲಿ ದೇವರನ್ನು ಮರೆತವರುಂಟು, ಈ ಹಲಗೆಯನ್ನು ಮರೆತವರಿಲ್ಲ. ಹಲಗೆಯ ಪಕ್ಕದಲ್ಲೇ ಕೆಳಮನೆಯ ಹೇಬರ್ಲೆಯಮ್ಮ, ಅಂದರೆ ಮನೆಯೊಡತಿ, ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು.

"ರಾಪ್ ಅವರೇ, ರಾತ್ರಿಯೆಲ್ಲಾ ನಿಮ್ಮ ನಾಯಿ ನನ್ನ ತಲೆ ಮೇಲೇ ನೆಲಕ್ಕೆ ಕಾಲು ಬಡೀತಾ ಕೆರ್ಕೊಳ್ಳುತ್ತೆ. ಧೊಬ್ ಧೊಬ್ ಧೊಬ್. ಸಂಜೆ ಮೆಟ್ಟಿಲು ನೋಡೋಕೆ ಬರ್ತೀನಿ, ಅಷ್ಟರೊಳಗೆ ಅದಕ್ಕೊಂದು ದಾರಿ ಮಾಡಿ. ಇಲ್ಲಾಂದ್ರೆ ಅದಕ್ಕೆ ಬೇರೆ ಮನೆ ನೋಡಿ."

"ಅದು ಟ್ರೂಡೆ ಸಾಕಿದ್ದು..."

"ಗೊತ್ತು. ಟ್ರೂಡೆ ಇದ್ದಾಗ ಅದು ಕೆರ್ಕೊಳ್ತಾನೇ ಇರಲಿಲ್ಲ."

ಆ ಮಾತು ನಾಟಿತು. ಹೆಂಡತಿ ಟ್ರೂಡೆ ತೀರಿಕೊಂಡ ಮೇಲೆ ಪೆಪಿಯ ಮೈಗೆ ಬಾಚಣಿಗೆ ತಾಗಿರಲಿಲ್ಲ. ಉದ್ದ ಮೈ, ಗೇಣು ಕಾಲಿನ ಆ ಡ್ಯಾಶ್‌ಹಂಡ್ ನಾಯಿ ಹಳೇ ಕಾಲೊರಸಿನಂತಾಗಿತ್ತು. ಆದರೂ ಅದೂ ಹೋದರೆ ಮನೆಯಲ್ಲಿ ಉಸಿರಾಡುವ ಇನ್ನೊಂದು ಜೀವ ಇರುತ್ತಿರಲಿಲ್ಲ.

ಮೇಲ್ಮನೆಯ ಜಿಲ್ಕೆ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಕರೆಯದೇ ಬಂದು ಕೊಬ್ಬರಿ ಎಣ್ಣೆಯ ಡಬ್ಬಿ ಕೈಗಿಟ್ಟಳು. "ಚರ್ಮ ಒಣಗಿದೆ, ಅಷ್ಟೆ. ಬಟಾಣಿಯಷ್ಟು ತಗೊಂಡು ಅಂಗೈಲಿ ಕರಗಿಸಿ ಸವರಿ."

ಬಟಾಣಿಯಷ್ಟರಲ್ಲೇ ಇಷ್ಟು ಗುಣವಿದ್ದರೆ ಡಬ್ಬಿಯಲ್ಲಿ ಇನ್ನೆಷ್ಟಿರಬೇಡ ಎಂದು ರಾಪ್ ಲೆಕ್ಕ ಹಾಕಿದರು. ಚಳಿಗೆ ತುಪ್ಪದಂತೆ ಗಟ್ಟಿಯಾಗಿದ್ದ ಎಣ್ಣೆಯನ್ನು ಮುಷ್ಟಿಗಟ್ಟಲೆ ತೆಗೆದು ಪೆಪಿಗೆ ಕಿವಿಯಿಂದ ಬಾಲದವರೆಗೆ ಅಭ್ಯಂಜನ ಮಾಡಿಸಿದರು. ಪೆಪಿ ಸ್ವಲ್ಪ ಹೊತ್ತು ಸಹಿಸಿತು. ಆಮೇಲೆ ಸೋಪಿನಂತೆ ಕೈಯಿಂದ ಜಾರಿ ಬಾಗಿಲಾಚೆ ಓಡಿತು.

ಡ್ಯಾಶ್‌ಹಂಡ್ ಮೆಟ್ಟಿಲಿಳಿಯುವಾಗ ಹೊಟ್ಟೆ ಪ್ರತಿ ಮೆಟ್ಟಿಲಿಗೂ ಉಜ್ಜುತ್ತದೆ. ಪೆಪಿ ಬೀದಿಬಾಗಿಲವರೆಗೂ ಹೋಗಿ, ಅದು ಮುಚ್ಚಿದ್ದು ಕಂಡು, ಅದೇ ದಾರಿಯಲ್ಲಿ ಹತ್ತಿಬಂತು. ಆ ಥಂಡಿಗೆ ಎಣ್ಣೆ ಹೆಪ್ಪುಗಟ್ಟಿ ಮರದ ಮೆಟ್ಟಿಲುಗಳ ಮೇಲೆ ಬೆಳ್ಳನೆಯ ಪಟ್ಟೆ ಬಿತ್ತು.

"ಅಯ್ಯೋ, ಬಿಸಿನೀರು ಹಾಕಿ" ಎಂದಳು ಜಿಲ್ಕೆ. ಹಾಕಿದರು. ಪಟ್ಟೆ ಕರಗಿ ಇಡೀ ಮೆಟ್ಟಿಲಿಗೆ ಹರಡಿತು. "ಹಾಗಾದ್ರೆ ಉಣ್ಣೆ ಬಟ್ಟೇಲಿ ಒರೆಸಿ" ಎಂದಳು. ಮನೆಯಲ್ಲಿದ್ದದ್ದು ಟ್ರೂಡೆಯ ಹಳೇ ಸ್ವೆಟರ್ ಒಂದೇ. ರಾಪ್ ಅದನ್ನು ಸ್ವಲ್ಪ ಹೊತ್ತು ಮಡಿಲಲ್ಲಿಟ್ಟುಕೊಂಡು ಕೂತರು. ಆಮೇಲೆ, ನಿನ್ನ ನಾಯಿಗೋಸ್ಕರವೇ ಕಣೇ, ಎಂದು ಮಂಡಿಯೂರಿ ತಿಕ್ಕತೊಡಗಿದರು. ಪೆಪಿ ಪಕ್ಕದಲ್ಲೇ ನೆಕ್ಕುತ್ತಾ ಬಂತು.

ಸಂಜೆ ಹೇಬರ್ಲೆಯಮ್ಮ ಬಂದರು. ಮೆಟ್ಟಿಲ ಮೇಲೆ ಬೆರಳೆಳೆದರು, ಮೂಸಿದರು. ತಲೆ ತಗ್ಗಿಸಿ ನಿಂತಿದ್ದ ರಾಪ್ ಪೆಪಿಯನ್ನು ಗಟ್ಟಿಯಾಗಿ ಅಪ್ಪಿಕೊಂಡರು.

"ನಮ್ಮಮ್ಮ ಇದ್ದಾಗ ಹೀಗೆ ಹೊಳೀತಿದ್ವು ಈ ಮೆಟ್ಟಿಲು" ಎಂದರು ಆಕೆ. ಕಣ್ಣು ತೇವವಾಗಿತ್ತು. "ನಾಯಿ ಇರ್ಲಿ ಬಿಡಿ. ಆದ್ರೆ ಆ ಹಲಗೆ ಇನ್ಮೇಲೆ ನಿಮ್ಮ ಬಾಗಿಲಲ್ಲೇ ಇರ್ಲಿ. ಬೇರೆಯವರಿಗೆ ಈ ಕೈಗುಣ ಬರಲ್ಲ."

"ನಂದೇನೂ ಅಭ್ಯಂತರ ಇಲ್ಲಪ್ಪ" ಎಂದಳು ಜಿಲ್ಕೆ ಮೇಲಿನಿಂದ.

ಆ ರಾತ್ರಿ ಪೆಪಿ ಒಮ್ಮೆಯೂ ಕೆರೆದುಕೊಳ್ಳಲಿಲ್ಲ. ಬೆಳಗಾಗುತ್ತಲೇ ಬಾಗಿಲು ಬಡಿದ ಸದ್ದು. ಹೇಬರ್ಲೆಯಮ್ಮನ ಕಣ್ಣು ಕೆಂಪಗಾಗಿತ್ತು.

"ನಂಗೆ ರಾತ್ರಿಯೆಲ್ಲಾ ನಿದ್ದೆ ಇಲ್ಲ."

"ಸದ್ದೇ ಇರಲಿಲ್ವಲ್ಲಮ್ಮ."

"ಅದೇ ಮತ್ತೆ. ಆ ಸದ್ದು ಕೇಳಿದ್ರೆ ಮೇಲೆ ಯಾರೋ ಇದ್ದಾರೆ ಅಂತ ಧೈರ್ಯ. ನೀವೂ ಟ್ರೂಡೆ ಹಿಂದೇನೇ ಹೊರಟ್ರೇನೋ ಅಂತ ಬೆಳಗಿನ ತನಕ ಕೂತಿದ್ದೆ."

"ನಿಲ್ಲಿಸಿ ಅಂದೋರು ನೀವೇ ಅಲ್ವಾ?"

"ಬೈಯೋದು ಬೇರೆ ವಿಚಾರ. ಇವತ್ತು ಅದಕ್ಕೊಂದು ದಾರಿ ಮಾಡಿ."

ಈಗ ದಿನವೂ ಮಲಗುವ ಹೊತ್ತಿಗೆ ಪೆಪಿ ಮಿರಮಿರ ಮಿಂಚುವ ಮೈಚಾಚಿ ಗೊರಕೆ ಹೊಡೆಯುತ್ತದೆ. ಮೆಟ್ಟಿಲು ತಿಕ್ಕಿ ಸೊಂಟ ಹಿಡಿದುಕೊಂಡ ರಾಪ್ ಮಂಚದ ಅಂಚಿಗೆ ಕೂತು ಹಿಮ್ಮಡಿಯಿಂದ ನೆಲ ಕುಟ್ಟುತ್ತಾರೆ. ಧೊಬ್ ಧೊಬ್ ಧೊಬ್. ಕೆಳಗಿನಿಂದ ಪೊರಕೆಯ ಹಿಡಿಯಲ್ಲಿ ಚಾವಣಿಗೆ ಕುಟ್ಟಿದ ಸದ್ದು ಬರುತ್ತದೆ. ದರಿದ್ರ ನಾಯಿ ಎಂದು ಬೈದು, ಹೇಬರ್ಲೆಯಮ್ಮ ನೆಮ್ಮದಿಯಾಗಿ ಮಲಗುತ್ತಾರೆ.