ಖಂಡೇನವಮಿಯ ಮೋಟಾರು

ಬಿಂದುಮಾಧವ ವಕೀಲರಿಗೆ ‘ಹೂಂ’ ಅನ್ನಲಿಕ್ಕೂ ಬರುತ್ತಿರಲಿಲ್ಲ, ‘ಊಹೂಂ’ ಅನ್ನಲಿಕ್ಕೂ ಬರುತ್ತಿರಲಿಲ್ಲ. ಪುಣೆಯ ಕೋರ್ಟಿನಲ್ಲಿ ಹದಿನೈದು ವರ್ಷದಲ್ಲಿ ಅವರು ಕರಗತ ಮಾಡಿಕೊಂಡ ವಿದ್ಯೆ ಒಂದೇ, ಮುಂದಿನ ತಾರೀಖು ಕೇಳುವುದು. ಆ ವಿದ್ಯೆಯನ್ನು ಮನೆಗೂ ತಂದಿದ್ದರು. ಕೋಟಿಗೆ ಬಟ್ಟೆ ಆರಿಸಲು ಎರಡು ತಾರೀಖು, ಬೇಸಿಗೆಗೆ ಧಾರವಾಡಕ್ಕೆ ಹೋಗಬೇಕೋ ಬೇಡವೋ ಎನ್ನಲು ನಾಲ್ಕು. ಅಷ್ಟರಲ್ಲಿ ಮಳೆಗಾಲ ಬಂದಿರುತ್ತಿತ್ತು. ಇಂಥವರು ಸಾವಿರದ ಒಂಬೈನೂರ ಮೂವತ್ತೆಂಟರಲ್ಲಿ ಮೋಟಾರು ಕೊಳ್ಳಲು ಹೊರಟರು.

ಹಣಕ್ಕೆ ಕೊರತೆ ಇರಲಿಲ್ಲ. ಭೋರ್ ಕಡೆಯ ಇನಾಮದಾರರೊಬ್ಬರ ಎದುರು ಪಕ್ಷದವರು ಬಿಂದುಮಾಧವರ ತಾರೀಖುಗಳಿಗೆ ಬೇಸತ್ತು ರಾಜಿಯಾಗಿದ್ದರು, ಇನಾಮದಾರರು ಸಂತೋಷದಿಂದ ಕೈ ಬಿಚ್ಚಿದ್ದರು. ತೊಡಕು ಇದ್ದದ್ದು ಬೇರೆ. ದಂಡಿನ ಪ್ರದೇಶವಾದ ಕ್ಯಾಂಪಿನ ಮೋಟಾರು ಅಂಗಡಿಯಲ್ಲಿ ಆ ವರ್ಷದ ಮಾಡೆಲಿನದು ಒಂದೇ ಒಂದು ಗಾಡಿ ಉಳಿದಿತ್ತು, ಕಡುನೀಲಿ ಬಣ್ಣದ್ದು. ದೀಪಾವಳಿ ಆದ ಮೇಲೆ ಹೊಸ ಮಾಡೆಲು ಹಡಗಿನಲ್ಲಿ ಮುಂಬಯಿಗೆ ಬರುವುದಿತ್ತು. ಅದರ ಗೇರು ನೆಲದ ಮೇಲಿರದೆ ಸ್ಟೇರಿಂಗಿನ ಕೆಳಗೇ ಇರುತ್ತದಂತೆ. ಈಗ ಕೊಂಡರೆ ಎರಡು ತಿಂಗಳಲ್ಲಿ ಹಳೆಯ ಗಾಡಿಯ ವಕೀಲ ಎನಿಸಿಕೊಳ್ಳಬೇಕು. ಕಾದರೆ ದಸರೆಯ ಮುಹೂರ್ತವೂ ಹೋಯಿತು, ಈ ಗಾಡಿಯೂ ಹೋಯಿತು. ಅಂಗಡಿಯ ಮೋಹನದಾಸ್ ಸತ್ಯವಂತ ಮನುಷ್ಯ. ಇದು ಚೆನ್ನಾಗಿದೆ ಎಂದೂ ಹೇಳಿದ, ಬರುವುದು ಇನ್ನೂ ಚೆನ್ನಾಗಿದೆ ಎಂದೂ ಹೇಳಿದ. ವಕೀಲರು ಮೂರು ತಿಂಗಳು ವಾರಕ್ಕೊಮ್ಮೆ ಸೈಕಲ್ ಮೇಲೆ ಹೋಗಿ ಗಾಡಿಯ ಬಾಗಿಲು ತೆಗೆದು, ಮತ್ತೆ ಹಾಕಿ ಬಂದರು. ಕೊನೆಗೆ ಮೋಹನದಾಸನ ತಾಳ್ಮೆ ತೀರಿತು. ಖಂಡೇನವಮಿಯ ದಿನ ಗಾಡಿಯನ್ನು ಡ್ರೈವರ್ ಸಮೇತ ಕಳಿಸುತ್ತೇನೆ, ಓಡಾಡಿ ನೋಡಿ, ಸಂಜೆ ಐದಕ್ಕೆ ಬಂದು ಹೌದೋ ಅಲ್ಲವೋ ಹೇಳಿ, ಅಷ್ಟರಲ್ಲಿ ಬೇರೆ ಗಿರಾಕಿ ಬಂದರೆ ಮಾತ್ರ ನನ್ನನ್ನು ಅನ್ನಬೇಡಿ ಎಂದ.

ಖಡಕಿಯ ಕಡೆ ಎರಡು ಸುತ್ತು ಹೊಡೆದು ಸದ್ದಿಲ್ಲದೆ ಗಾಡಿ ಒಪ್ಪಿಸಿಬಿಡುವುದು ವಕೀಲರ ವಿಚಾರವಾಗಿತ್ತು. ಆದರೆ ಹೆಂಡತಿ ಶಾಮಲಾ, ಒಂದೇ ಒಂದು ಸಲ ಕಣ್ಣಿಲೆ ನೋಡುತ್ತೇನೆ ಎಂದಿದ್ದಳು. ಹೀಗಾಗಿ ಬೆಳಿಗ್ಗೆ ಒಂಬತ್ತಕ್ಕೆ ನೀಲಿ ಮೋಟಾರು ಸದಾಶಿವ ಪೇಟೆಯ ಓಣಿ ಹೊಕ್ಕು ಅವರ ಬಿಡಾರವಿದ್ದ ವಾಡೆಯ ದಿಂಡಿಬಾಗಿಲಿನ ಮುಂದೆ ನಿಂತಿತು. ತಪ್ಪಾದದ್ದೇ ಅಲ್ಲಿ. ಖಂಡೇನವಮಿಯ ದಿನ ನಮ್ಮ ಜನ ಈಳಿಗೆಯಿಂದ ಹಿಡಿದು ಹೊಲಿಗೆ ಯಂತ್ರದವರೆಗೆ ದುಡಿಯುವ ಯಾವ ವಸ್ತುವನ್ನೂ ಪೂಜೆ ಇಲ್ಲದೆ ಬಿಡುವುದಿಲ್ಲ. ಗಾಲಿ ಇದ್ದದ್ದನ್ನಂತೂ ಬಿಡುವ ಮಾತೇ ಇಲ್ಲ.

ವಾಡೆಯ ಒಡತಿ ರಂಗೂಬಾಯಿ ಬೆಳಗಾವಿಯವರು, ಐವತ್ತು ವರ್ಷದ ಹಿಂದೆ ಮದುವೆಯಾಗಿ ಬಂದವರು. ಉಳಿದ ಬಿಡಾರದವರನ್ನು ಮರಾಠಿಯಲ್ಲಿ ಬೈಯುತ್ತಿದ್ದರು, ಬಿಂದುಮಾಧವರನ್ನು ಪ್ರೀತಿಯಿಂದ ಕನ್ನಡದಲ್ಲಿ ಬೈಯುತ್ತಿದ್ದರು. ಆಗತಾನೆ ಅವರು ವಕೀಲರ ಹನ್ನೆರಡು ವರ್ಷದ ಸೈಕಲ್ಲಿಗೆ ಚೆಂಡು ಹೂವಿನ ಮಾಲೆ ಹಾಕಿ ಹಿಂದಕ್ಕೆ ಸರಿದಿದ್ದರು. ಮೋಟಾರು ಕಂಡದ್ದೇ ಕಣ್ಣು ಅರಳಿಸಿದರು.

“ಕಡೀಕೂ ತಂದೀ ಏನೋ ಬಿಂದೂ?”

ಇಲ್ಲ ರಂಗಕ್ಕ, ಬರೀ ನೋಡಲಿಕ್ಕೆ ತಂದೇನಿ ಎನ್ನಬೇಕು. ಒಂದೇ ವಾಕ್ಯ. ವಕೀಲರು ಬಾಯಿ ತೆರೆದರು. ಅವರು ಅದಕ್ಕೆ ತಕ್ಕ ಶಬ್ದ ಆರಿಸುವಷ್ಟರಲ್ಲಿ ರಂಗೂಬಾಯಿ ಸೈಕಲ್ಲಿನ ಮಾಲೆ ಬಿಚ್ಚಿ ಮೋಟಾರಿಗೆ ಹಾಕಿದ್ದರು, ಮೂತಿಯ ಮೇಲೆ ಕುಂಕುಮದ ಸ್ವಸ್ತಿಕ ಬರೆದಿದ್ದರು, ನಾಲ್ಕೂ ಗಾಲಿಗೆ ನಿಂಬೆಹಣ್ಣು ಇಟ್ಟಿದ್ದರು. ತೆಂಗಿನಕಾಯಿಯನ್ನು ಕಲ್ಲಿಗೆ ಒಡೆಯುತ್ತಾರೆಂದು ವಕೀಲರು ತಿಳಿದಿದ್ದರು. ರಂಗೂಬಾಯಿ ಅದನ್ನು ಮಡ್‌ಗಾರ್ಡಿಗೇ ಒಡೆದರು. ಅಡಿಕೆಯಷ್ಟು ಗುಳಿ ಬಿತ್ತು. ಡ್ರೈವರ್ ದಿಗಂಬರ ಗುಳಿಯನ್ನು ನೋಡಿದ, ಆಮೇಲೆ ವಕೀಲರ ಮುಖ ನೋಡಿದ. ಇಡೀ ವಾಡೆಯಲ್ಲಿ ಸತ್ಯ ಗೊತ್ತಿದ್ದವನು ಅವನೊಬ್ಬನೇ. ಅವನು ಬಗ್ಗಿ ಗುಳಿಯ ಮೇಲಿನ ಕಾಯಿನೀರು ಒರೆಸತೊಡಗಿದ, ಅದೇ ವಕೀಲರಿಗೆ ಹೆಚ್ಚು ನಾಚಿಕೆ ತಂದಿತು.

ಶಾಮಲಾಗೆ ಹೇಳೋಣವೆಂದರೆ ಅವಳು ಹೊಸ ಇಳಕಲ್ಲ ಸೀರೆ ಉಟ್ಟು ಕಣ್ಣು ತುಂಬಿಕೊಂಡು ನಿಂತಿದ್ದಳು. ನೋಡಲು ತರುತ್ತೇನೆಂದದ್ದು ನೆಪ, ಗಂಡ ಕೊಂಡೇಬಿಟ್ಟಿದ್ದಾನೆ, ತನಗೆ ಅಚ್ಚರಿ ಮಾಡಲು ಮುಚ್ಚಿಟ್ಟಿದ್ದ ಎಂದು ಅವಳ ತಿಳುವಳಿಕೆ. ನವಮಿಯ ಪಾರಾಯಣಕ್ಕೆಂದು ಯೆರವಡಾದಿಂದ ಕಾಲ್ನಡಿಗೆಯಲ್ಲಿ ಬಂದಿದ್ದ ಬಾಳಕೃಷ್ಣ ಭಟ್ಟರು ಪುಸ್ತಕ ಮಡಚಿಟ್ಟು ಬಂದು ಮೋಟಾರಿಗೆ ಮಂತ್ರಾಕ್ಷತೆ ಹಾಕಿದರು. ಇಷ್ಟಾದ ಮೇಲೆ ಇದು ನನ್ನದಲ್ಲ ಎನ್ನುವುದು ಹೇಗೆ? ವಕೀಲರು ತಮ್ಮ ಮನಸ್ಸಾಕ್ಷಿಯಿಂದ ಮಧ್ಯಾಹ್ನದ ತಾರೀಖು ಕೇಳಿಕೊಂಡರು.

ಪೂಜೆಯಾದ ಗಾಡಿ ಮೊದಲು ದೇವಿಯ ಬಾಗಿಲು ಕಾಣಬೇಕು ಎಂದರು ರಂಗೂಬಾಯಿ. ಎರಡು ಬಿಡಾರದ ಹೆಂಗಸರನ್ನೂ ಕರೆದುಕೊಂಡು ಹತ್ತಿ ಕುಳಿತರು. ಭಟ್ಟರಿಗೆ ಊಟ ಬಡಿಸುವುದಿತ್ತೆಂದು ಶಾಮಲಾ ಮನೆಯಲ್ಲೇ ಉಳಿದಳು. ಗಾಡಿಯಲ್ಲಿ ಎಂಟು ಜನ ಆದರು, ಒಂದು ತಂಬಿಗೆ, ಒಂದು ಹೂವಿನ ಬುಟ್ಟಿ ಬೇರೆ. ವಕೀಲರು ಮುಂದುಗಡೆ ಬಾಗಿಲಿಗೆ ಒತ್ತಿ ಕುಳಿತಿದ್ದರು. ಅವರು ತಲೆ ಎತ್ತಿದಾಗಲೆಲ್ಲ ಕನ್ನಡಿಯಲ್ಲಿ ದಿಗಂಬರನ ಕಣ್ಣು ಕಾಣುತ್ತಿದ್ದವು, ಅದಕ್ಕೇ ದೇವಿಯ ಗುಡಿಯಿದ್ದ ಚತುಃಶೃಂಗಿಯ ಗುಡ್ಡ ಬರುವವರೆಗೆ ಅವರು ತಲೆ ಎತ್ತಲಿಲ್ಲ.

ಗುಡ್ಡದ ಬುಡದಲ್ಲಿ ಈರಬಸಪ್ಪ ಸಿಕ್ಕ. ನವಲಗುಂದ ಕಡೆಯವನು, ಪುಣೆಯ ಪೇಟೆಯಲ್ಲಿ ದೊಡ್ಡ ಬೆಲ್ಲದ ವ್ಯಾಪಾರಿ. ಗೋದಾಮಿನ ಗೋಡೆಯ ಜಗಳಕ್ಕೆ ಆರು ವರ್ಷದಿಂದ ಬಿಂದುಮಾಧವರ ಕಕ್ಷಿದಾರ. ಆ ಆರು ವರ್ಷ ಅವನು ವಕೀಲರ ಬಾಯಿಂದ ‘ನೋಡೋಣಂತ’ ಬಿಟ್ಟು ಬೇರೆ ಮಾತು ಕೇಳಿರಲಿಲ್ಲ. ಮಾಲೆ ಹಾಕಿದ ಮೋಟಾರನ್ನು ಸುತ್ತು ಹಾಕಿ ನೋಡಿ ಕೈ ಮುಗಿದ. ತಾನೂ ಒಂದು ಗಾಡಿ ಕೊಳ್ಳಬೇಕೆಂದಿದ್ದೇನೆ, ಆದರೆ ಹೊಸ ಮಾಡೆಲು ಬರುತ್ತದೆ ಅಂತಾರೆ, ಕಾಯಬೇಕೋ ಬೇಡವೋ ತಿಳಿಯದಾಗಿದೆ, ನೀವು ಇದನ್ನೇ ಯಾಕೆ ಕೊಂಡಿರಿ ಎಂದು ಕೇಳಿದ.

ರಂಗೂಬಾಯಿ ಕಿವಿ ನೆಟ್ಟಗೆ ಮಾಡಿದರು. ಉಳಿದ ಹೆಂಗಸರೂ ತಿರುಗಿ ನೋಡಿದರು. ಈಗ ನಾಲಿಗೆ ತಡವರಿಸಿದರೆ ಬೆಳಗಿನಿಂದ ನಡೆದ ನಾಟಕವೆಲ್ಲ ಬಯಲಾಗುತ್ತಿತ್ತು. ನಾಚಿಕೆ ಮನುಷ್ಯನನ್ನು ಮೂಕನನ್ನಾಗಿ ಮಾಡುತ್ತದೆ ಎನ್ನುತ್ತಾರೆ, ಬಿಂದುಮಾಧವರನ್ನು ಅದು ವಾಗ್ಮಿಯನ್ನಾಗಿ ಮಾಡಿತು.

“ಈರಬಸಪ್ಪ, ಹೊಸಾದು ಬರ್ತದ, ಖರೆ. ಅದು ಬಂದ ಮ್ಯಾಲೆ ಅದಕ್ಕಿಂತಾ ಹೊಸಾದು ಬರ್ತದ. ಕಾಯೋ ಮನುಷ್ಯಾ ಸಾಯೋತನಕ ನಡಕೋತನ ಹೋಗ್ತಾನ. ಮುಹೂರ್ತ ಇವತ್ತದ, ಗಾಡಿ ಇವತ್ತದ. ಹಿಂದ ಮುಂದ ನೋಡಬ್ಯಾಡ್ರಿ.”

ಈರಬಸಪ್ಪ ಬೆರಗಾಗಿ ನಿಂತ. ಆಮೇಲೆ ದೇವಿಯ ದರ್ಶನಕ್ಕೂ ನಿಲ್ಲದೆ ಟಾಂಗಾ ಹತ್ತಿ ಹೋದ. ವಕೀಲರಿಗೆ ತಮ್ಮ ಮಾತು ತಮಗೇ ಹಿಡಿಸಿತ್ತು. ಮೆಟ್ಟಿಲು ಹತ್ತುತ್ತ ಅದನ್ನೇ ಮನಸ್ಸಿನಲ್ಲಿ ಎರಡು ಸಲ ಅಂದುಕೊಂಡರು. ಹೌದಲ್ಲ, ಇಷ್ಟು ಸರಳ ಮಾತು ಮೂರು ತಿಂಗಳು ಯಾಕೆ ಹೊಳೆಯಲಿಲ್ಲ? ದೇವಿಯ ಮುಂದೆ ಕೈ ಮುಗಿದು, ಸಂಜೆ ಹೋಗಿ ಇದೇ ಗಾಡಿ ಕೊಂಡುಬಿಡುವುದೆಂದು ನಿಶ್ಚಯಿಸಿದರು. ಆಗ ಸುಳ್ಳೂ ಸತ್ಯವಾಗುತ್ತದೆ, ದಿಗಂಬರನ ಕಣ್ಣಿಗೂ ಉತ್ತರ ಕೊಟ್ಟಂತಾಗುತ್ತದೆ. ಅವರ ಆಯುಷ್ಯದಲ್ಲಿ ತಾರೀಖು ಇಲ್ಲದ ಮೊದಲ ತೀರ್ಪು ಅದು.

ಹೆಂಗಸರನ್ನು ವಾಡೆಯ ಬಾಗಿಲಲ್ಲಿ ಇಳಿಸಿ, ಒಂದು ಕೆಲಸ ಮುಗಿಸಿ ಬರುತ್ತೇನೆಂದು ಹೇಳಿ ನಾಲ್ಕೂವರೆಗೆ ಕ್ಯಾಂಪ್ ತಲುಪಿದರು. ದಾರಿಯುದ್ದಕ್ಕೂ ತಲೆ ಎತ್ತಿಯೇ ಕುಳಿತಿದ್ದರು. ಅಂಗಡಿಯ ಮೆಟ್ಟಿಲ ಮೇಲೆ ಮೋಹನದಾಸ್ ನಗುತ್ತ ನಿಂತಿದ್ದ. ಅವನ ಪಕ್ಕದಲ್ಲಿ ಪೇಡೆಯ ಪುಡಿಕೆ ಹಿಡಿದು ಈರಬಸಪ್ಪ ನಿಂತಿದ್ದ.

“ಆರು ವರ್ಷದಾಗ ನೀವು ಖಚಿತ ಹೇಳಿದ್ದು ಇದೊಂದ ರೀ ಸಾಹೇಬ್ರ,” ಎಂದ ಈರಬಸಪ್ಪ. “ಅದಕ್ಕ ತಡಾ ಮಾಡ್ಲಿಲ್ಲ. ಇಂಥಾದು ಇನ್ನೊಂದು ಇಲ್ಲ, ಇರೋದೊಂದು ನೀವು ನೋಡ್ಲಿಕ್ಕೆ ಒಯ್ದೀರಿ ಅಂದ್ರು ಇವ್ರು. ಆವಾಗ ನಿಮ್ಮ ಮಾತು ತಿಳೀತು. ನಿಮ್ಮಂಥಾ ದೊಡ್ಡವರಿಗೆ ಹೊಸಾ ಮಾಡೆಲು, ನನ್ನಂಥಾವ್ಗ ಇದು ಸಾಕು ಅಂತ ರೊಕ್ಕಾ ಕಟ್ಟಿಬಿಟ್ಟೆ. ನನ್ನ ಸಲುವಾಗಿ ಪೂಜಾನೂ ಮಾಡಿಸಿಟ್ಟೀರಿ.”

ಅವನು ಕೊಂಕಿಲ್ಲದ ಮನುಷ್ಯ, ಮನಸಾರೆ ಹೇಳಿದ. ಮಡ್‌ಗಾರ್ಡಿನ ಗುಳಿಯನ್ನು ಬೆರಳಿನಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ವಕೀಲರ ಬಾಯಿಗೆ ಪೇಡೆ ಇಟ್ಟ. ಹೇಳಬೇಕಾದ ಮಾತನ್ನೂ ಪೇಡೆಯ ಜೊತೆಗೇ ನುಂಗಿ ಬಿಂದುಮಾಧವರು ಹೂಂ ಎಂದರು. ಅವರಿಗೆ ಬಾರದಿದ್ದ ಆ ಶಬ್ದ ಅಂದು ಎಷ್ಟು ಸಲೀಸಾಗಿ ಬಂತೆಂದರೆ ಅವರಿಗೇ ಅಸಹ್ಯವಾಯಿತು.

ಈರಬಸಪ್ಪ ತನ್ನ ಗಾಡಿಯಲ್ಲೇ ಅವರನ್ನು ಮನೆಗೆ ಬಿಡುತ್ತೇನೆಂದು ಹಟ ಹಿಡಿದ. ಈ ಸಲ ವಕೀಲರು ಹಿಂದುಗಡೆ ಕುಳಿತರು. ಅಲ್ಲಿಗೂ ದಿಗಂಬರನ ಕಣ್ಣು ಕಾಣುತ್ತಿದ್ದವು, ಆದರೆ ಅವನು ಈಗ ಅವರನ್ನು ನೋಡುತ್ತಿರಲಿಲ್ಲ. ಓಣಿಯ ತುದಿಗೇ ಇಳಿಸು ಎಂದು ಕೇಳಿಕೊಂಡು, ಮೋಟಾರು ಅತ್ತ ಹೋದ ಮೇಲೆ ಅವರು ನಡೆಯತೊಡಗಿದರು. ಶಾಮಲಾಗೆ ಏನು ಹೇಳುವುದು? ಹೊಸ ಮಾಡೆಲು ಬರುವವರೆಗೆ ಸೈಕಲ್ ಇದ್ದೇ ಇದೆಯಲ್ಲ ಎಂದು ಸಮಾಧಾನ ಹೇಳಬೇಕು. ಅಷ್ಟು ಮರ್ಯಾದೆಯಾದರೂ ಉಳಿದಿತ್ತು.

ಎದುರಿನಿಂದ ಬಾಳಕೃಷ್ಣ ಭಟ್ಟರು ಬರುತ್ತಿದ್ದರು. ಒಂದು ಸೈಕಲ್ಲಿನ ಹಿಂದಿನ ಗಾಲಿಯನ್ನು ಎತ್ತಿ ಹಿಡಿದು, ಮುಂದಿನ ಗಾಲಿಯನ್ನಷ್ಟೇ ಉರುಳಿಸುತ್ತ ಏದುಸಿರು ಬಿಡುತ್ತಿದ್ದರು. ಹಿಂದಿನ ಗಾಲಿಗೆ ಸರಪಳಿ, ಸರಪಳಿಗೆ ಬೀಗ. ಸೀಟಿನ ಹರಕು ನೋಡಿ ವಕೀಲರಿಗೆ ಗುರುತು ಹತ್ತಿತು.

“ಛಲೋ ಸಿಕ್ರಿ ರಾಯರ,” ಎಂದರು ಭಟ್ಟರು. “ಶಾಮಲಾಬಾಯಿ ದಾನಾ ಕೊಟ್ರು. ‘ನಮ್ಮನ್ಯಾಗ ಮೋಟಾರ ಬಂತು, ನೀವು ಯೆರವಡಾದಿಂದ ನಡಕೋತ ಬರ್ತೀರಿ’ ಅಂದ್ರು. ತುಳಸಿ ಇಟ್ಟು, ನೀರು ಬಿಟ್ಟು ಕೊಟ್ಟಾರ. ಕೀಲಿಕೈ ಮಾತ್ರ ನಿಮ್ಮ ಕೋಟಿನಾಗ ಅದ ಅಂತ.”

ಭಟ್ಟರು ಒಳ್ಳೆಯವರು. ನಿಜ ಹೇಳಿದ್ದರೆ ಆ ಕ್ಷಣವೇ ಸೈಕಲ್ ತಿರುಗಿಸಿ ಕೊಡುತ್ತಿದ್ದರು. ಬೆಳಿಗ್ಗೆ ಹೇಳಬೇಕಿದ್ದ ಅದೇ ವಾಕ್ಯವನ್ನು ಸಂಜೆ ಹೇಳಿದರೆ ಸಾಕಾಗಿತ್ತು. ಆದರೆ ನೀರು ಬಿಟ್ಟು ಕೊಟ್ಟದ್ದನ್ನು ಮರಳಿ ಕೇಳಿದವನ ಹೆಸರು ನಾಳೆ ಬನ್ನಿ ಕೊಡಲು ಹೋದ ಮನೆಗಳಲ್ಲೆಲ್ಲ ಓಡಾಡುತ್ತದೆ. ವಕೀಲರು ಕೋಟಿನ ಕಿಸೆಗೆ ಕೈ ಹಾಕಿ ಕೀಲಿಕೈ ತೆಗೆದು ಕೊಟ್ಟುಬಿಟ್ಟರು. ಬಗ್ಗಿ ನಮಸ್ಕಾರವನ್ನೂ ಮಾಡಿದರು.

ಭಟ್ಟರು ಬೀಗ ತೆಗೆದು, ಸರಪಳಿಯನ್ನು ಹೆಗಲಿಗೆ ಹಾಕಿಕೊಂಡು ಓಣಿಯನ್ನು ಹಿಂದೆ ಮುಂದೆ ನೋಡಿದರು.

“ನಿಮ್ಮ ಮೋಟಾರ ಎಲ್ಲಿ ರಾಯರ?”

“ಈಗ ಮುಂದ ಹೋತು,” ಎಂದರು ಬಿಂದುಮಾಧವರು. ಇಡೀ ದಿನದಲ್ಲಿ ಅವರು ಆಡಿದ ನಿಜವಾದ ಮಾತು ಅದೊಂದೇ.

ಭಟ್ಟರು ಸೈಕಲ್ ಹತ್ತಿ ಗಂಟೆ ಬಾರಿಸಿದರು. ವಕೀಲರು ಗೋಡೆಗೆ ಸರಿದು ದಾರಿ ಬಿಟ್ಟುಕೊಟ್ಟರು. ವಾಡೆಯ ಬಾಗಿಲಲ್ಲಿ ರಂಗೂಬಾಯಿ ಮತ್ತು ಶಾಮಲಾ ಆರತಿಯ ತಟ್ಟೆ ಹಿಡಿದುಕೊಂಡು ಮೋಟಾರಿನ ಹಾದಿ ನೋಡುತ್ತಿದ್ದರು.