ಹಿಗ್ಗುವ ನೀರಿಗೆ ಡ್ಯೂಟಿ ಚಾರ್ಟು

ಡ್ಯೂಟಿ ಚಾರ್ಟಿನಿಂದ ಬಗೆಹರಿಯದ ಸಮಸ್ಯೆ ಈ ಭೂಮಂಡಲದಲ್ಲೇ ಇಲ್ಲ ಎಂಬುದು ಮೊನ್ನೆ ಮೊನ್ನೆಯವರೆಗೂ ನನ್ನ ಅಚಲ ನಂಬಿಕೆಯಾಗಿತ್ತು. ಇರದೆ ಏನು? ನಾನು ಬಸ್ ಡಿಪೋದ ಟೈಮ್‌ಕೀಪರ್! ತೊಂಬತ್ತು ಬಸ್ಸು, ಇನ್ನೂರು ಡ್ರೈವರು, ಅವರ ಹಲ್ಲುನೋವು, ಬೆನ್ನುನೋವು, ಭಾವಮೈದುನನ ಮದುವೆ, ಎಲ್ಲವನ್ನೂ ಒಂದೇ ಹಾಳೆಯ ಮೇಲೆ ಹೊಂದಿಸಿ ಕೂರಿಸಿದವನು. ಅಂಥವನು ಒಂದು ಗೀಸರಿಗೆ ಹೆದರುವುದುಂಟೆ?

ಆದದ್ದಿಷ್ಟು. ನಮ್ಮ ಬೀದಿಯ ಮನೆಗಳಿಗೆಲ್ಲ ಹೊಸ ನೀರಿನ ಮೀಟರು ಹಾಕಿದರು. ಮಾರನೇ ದಿನದಿಂದಲೇ ಬಚ್ಚಲುಮನೆಯ ಗೀಸರು ನೆಗಡಿಯಾದ ಮಗುವಿನ ಮೂಗಿನಂತೆ ಸೋರತೊಡಗಿತು. ಹೆಂಡತಿ ಪ್ಲಂಬರನ್ನು ಕರೆಸಿದಳು. ಬಂದದ್ದು ನಡುವಯಸ್ಸಿನ ಒಬ್ಬ ಹೆಂಗಸು. ಕೈಯಲ್ಲಿ ಸ್ಪ್ಯಾನರು, ಕಿವಿಯ ಮೇಲೆ ಪೆನ್ಸಿಲ್ಲು, ಮಾತು ಅಳತೆ ಹಿಡಿದು ಕತ್ತರಿಸಿದಷ್ಟೇ.

"ಸಾರ್, ನೀರು ಕಾದ್ರೆ ಹಿಗ್ಗುತ್ತೆ. ಮೊದಲು ಹಿಗ್ಗಿದ ನೀರು ಬೀದಿ ಪೈಪಿಗೆ ವಾಪಸ್ ಹೋಗ್ತಿತ್ತು. ಈಗ ಮೀಟರ್ ಜೊತೆ ಒನ್‌ವೇ ವಾಲ್ವ್ ಹಾಕಿದ್ದಾರೆ. ನೀರು ಒಳಗೆ ಬರಬಹುದು, ಹಿಂದಕ್ಕೆ ಹೋಗೋ ಹಾಗಿಲ್ಲ. ಅದಕ್ಕೇ ಸೇಫ್ಟಿ ವಾಲ್ವಿಂದ ಸೋರ್ತಿದೆ."

"ಸೋರಲಿ ಬಿಡಿ, ಬಕೆಟ್ ಇಡ್ತೀನಿ."

"ದಿನಾ ಸೋರಿದ್ರೆ ಒಂದಿನ ಆ ವಾಲ್ವ್ ಉಪ್ಪು ಕಟ್ಟಿ ಅಂಟ್ಕೊಳ್ಳುತ್ತೆ. ಆಮೇಲೆ ಯಾವುದು ವೀಕೋ ಅದು ಒಡೆಯುತ್ತೆ. ಒಂದು ಎಕ್ಸ್‌ಪ್ಯಾನ್ಷನ್ ಟ್ಯಾಂಕ್ ಹಾಕಿಸ್ಕೊಳ್ಳಿ. ಹಿಗ್ಗಿದ ನೀರು ಅದರಲ್ಲಿ ಕೂತಿರುತ್ತೆ."

"ಓಹೋ! ನೀರಿಗೆ ವೇಟಿಂಗ್ ರೂಮು!" ಎಂದು ನಾನು ನಕ್ಕೆ. ಆಕೆ ನಗಲಿಲ್ಲ.

ನನ್ನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. "ರೀ, ಹಾಕಿಸಿಬಿಡೋಣ. ದಿನಾ ಹತ್ತು ಜನರ ಬಿಪಿ ನೋಡ್ತೀನಿ. ಒತ್ತಡದ ಜೊತೆ ಹುಡುಗಾಟ ಆಡಬಾರದು," ಎಂದಳು.

"ನೀನು ಪೇಷೆಂಟ್ ನೋಡ್ಕೋ, ಪೈಪು ನಾನು ನೋಡ್ಕೋತೀನಿ!"

ನನ್ನ ತಲೆಯಲ್ಲಾಗಲೇ ಮಹಾಯೋಜನೆಯೊಂದು ಕುದಿಯುತ್ತಿತ್ತು. ಹಿಗ್ಗಿದ ನೀರು ಹೊರಗೆ ಹೋಗಬೇಕು, ಅಷ್ಟೇ ತಾನೆ? ಗೀಸರು ಕಾಯುವಾಗ ಐದೈದು ನಿಮಿಷಕ್ಕೊಮ್ಮೆ ಒಬ್ಬರು ನಲ್ಲಿ ತಿರುಗಿಸಿ, ಹತ್ತು ಎಣಿಸಿ, ಮುಚ್ಚಿದರಾಯಿತು! ಇದಕ್ಕೆ ಟ್ಯಾಂಕೇಕೆ? ಮನೆ ತುಂಬ ಮನುಷ್ಯರಿದ್ದಾರೆ!

ಆ ಸಂಜೆಯೇ ಮೂರು ಬಣ್ಣದ ಶಾಯಿಯಲ್ಲಿ ಚಾರ್ಟು ಬರೆದು ಬಚ್ಚಲುಮನೆ ಬಾಗಿಲಿಗೆ ಅಂಟಿಸಿದೆ. ಬೆಳಗಿನ ಪಾಳಿ ಮಗಳಿಗೆ. ಸಂಜೆಯ ಪಾಳಿ ಅತ್ತೆಗೆ. ತುರ್ತು ಸೇವೆ ಹೆಂಡತಿಗೆ. ಮೇಲ್ವಿಚಾರಣೆ ಮತ್ತು ಸೀಟಿ ನನಗೆ.

"ಅಪ್ಪಾ, ನಾಳೆ ನನಗೆ ಪರೀಕ್ಷೆ!" ಎಂದು ಮಗಳು ಕಾಲು ನೆಲಕ್ಕೆ ಬಡಿದಳು.

"ನಲ್ಲಿ ಪಕ್ಕದಲ್ಲೇ ಕೂತು ಓದು. ಯಾವ ವಿಷಯ?"

"ಫಿಸಿಕ್ಸು."

"ಇನ್ನೇನು ಮತ್ತೆ, ಪ್ರಾಕ್ಟಿಕಲ್ಲೂ ಆಯ್ತು!"

ಅತ್ತೆ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. "ಅಳಿಯಂದ್ರೇ, ಮಗಳ ಮನೇಲಿ ನಾಲ್ಕು ದಿನ ಇದ್ದು ಹೋಗೋಣ ಅಂತ ಬಂದವಳು ನಾನು. ನಲ್ಲಿ ಕಾಯೋಕಲ್ಲ."

"ಅತ್ತೇ, ನಾಲ್ಕು ದಿನ ಅಂತ ಬಂದು ಮೂರು ತಿಂಗಳಾಯ್ತು. ಪ್ರೊಬೇಷನ್ ಮುಗೀತು, ಈಗ ನೀವು ಪರ್ಮನೆಂಟು!"

ಅತ್ತೆ ನನ್ನನ್ನು ನೋಡಿದ ನೋಟಕ್ಕೆ ಗೀಸರಿಲ್ಲದೆಯೇ ಒಂದು ಬಕೆಟ್ ನೀರು ಕಾಯುತ್ತಿತ್ತು. ಆದರೂ ಸ್ಟೂಲು ಎಳೆದುಕೊಂಡು ಕೂತರು.

ಹೀಗೆ ನಮ್ಮ ಮನೆ ಡಿಪೋ ಆಯಿತು. ನಾನು ಹಜಾರದಲ್ಲಿ ನಿಂತು ಸೀಟಿ ಊದುವುದು, ಒಳಗಿನಿಂದ "ಒಂದು, ಎರಡು, ಮೂರು" ಎಂದು ಎಣಿಕೆ ಕೇಳುವುದು. ಎರಡು ನಿಮಿಷ ತಡವಾಗಿ ನಲ್ಲಿ ತೆರೆದದ್ದಕ್ಕೆ ಅತ್ತೆಗೆ ಮೆಮೊ ಕೂಡ ಕೊಟ್ಟೆ! ಅವರು ಅದರ ಹಿಂಬದಿಯಲ್ಲೇ ಉತ್ತರ ಬರೆದುಕೊಟ್ಟರು: "ಬೆರಳು ನೋವು. ನಾಳೆಯಿಂದ ರಜೆ. ಮಂಜೂರು ಮಾಡಿದರೂ ಸರಿ, ಮಾಡದಿದ್ದರೂ ಸರಿ."

ಇಷ್ಟಾದರೂ ಎರಡನೇ ವಾರಕ್ಕೆ ಒಂದು ಪವಾಡ ನಡೆಯಿತು. ಗೀಸರು ಸೋರುವುದೇ ನಿಂತುಹೋಯಿತು! ಎಲ್ಲ ನನ್ನ ಚಾರ್ಟಿನ ಮಹಿಮೆ ಎಂದು ನಾನು ಹಿಗ್ಗಿ ಹೀರೇಕಾಯಿಯಾದೆ. ಪ್ಲಂಬರಮ್ಮ ಹೇಳಿದಂತೆ ಸೇಫ್ಟಿ ವಾಲ್ವು ಉಪ್ಪು ಕಟ್ಟಿ ಅಂಟಿಕೊಂಡಿದೆ ಎಂಬುದು ಈ ಹೀರೇಕಾಯಿಗೆ ಹೊಳೆಯಲೇ ಇಲ್ಲ.

ಮುಂದಿನ ವಾರದ ಶನಿವಾರ ಸಂಜೆ ನಮ್ಮ ಡಿಪೋ ಮ್ಯಾನೇಜರನ್ನು ಟೀಗೆ ಕರೆದಿದ್ದೆ. ಇಡೀ ವಿಭಾಗಕ್ಕೆ ವೇಳಾಪಟ್ಟಿ ಹಾಕುವ ಮುಖ್ಯಸ್ಥನ ಹುದ್ದೆ ಖಾಲಿಯಿತ್ತು. ಅವರು ಒಂದು ಮಾತು ಹೇಳಿದರೆ ಕುರ್ಚಿ ನನ್ನದು. ಆದರೆ ಮನೆಯಲ್ಲಿ ಸಿಬ್ಬಂದಿ ಕೊರತೆ! ಅತ್ತೆ ರಜೆಯ ಮೇಲೆ ಪಾರ್ಕಿಗೆ ಹೋಗಿದ್ದರು. ಮಗಳು ಗೆಳತಿಯ ಮನೆಯಲ್ಲಿ. ಹೆಂಡತಿ ಆಸ್ಪತ್ರೆಯಿಂದ ಬರುವಷ್ಟರಲ್ಲಿ ಬಿಸಿನೀರು ಸಿದ್ಧವಿರಬೇಕು. ಗೀಸರು ಆನ್ ಆಗಿತ್ತು, ನಾನೊಬ್ಬನೇ.

ಬಿಳಿ ಪ್ಯಾಂಟು, ಬಿಳಿ ಅಂಗಿ ತೊಟ್ಟು ಮ್ಯಾನೇಜರು ಬಂದರು. "ಕೂತ್ಕೊಳ್ಳಿ ಸಾರ್," ಎಂದು ಬಚ್ಚಲುಮನೆಗೆ ಓಡಿದೆ. ಬಂದು "ಹೇಗಿದ್ದೀರಿ ಸಾರ್?" ಎಂದು ಅಡುಗೆಮನೆಗೆ ಓಡಿದೆ. ಮತ್ತೆ ಬಚ್ಚಲುಮನೆ.

"ಏನ್ರೀ ನಿಮಗೆ? ಹೊಟ್ಟೆ ಸರಿ ಇಲ್ವಾ?" ಎಂದರು ಮ್ಯಾನೇಜರು.

ನನ್ನ ಕೀರ್ತಿಪತಾಕೆ ಹಾರಿಸಲು ಇದಕ್ಕಿಂತ ಒಳ್ಳೆಯ ಗಳಿಗೆ ಬೇಕೆ? ಚಾರ್ಟು ತೋರಿಸಿ ಎಲ್ಲ ವಿವರಿಸಿದೆ. "ಭಲೇ!" ಎಂದರು. ಅಷ್ಟರಲ್ಲಿ ಟೀ ಉಕ್ಕುವ ಸದ್ದು. ನಾನು ಮಾಡಬಾರದ್ದನ್ನು ಮಾಡಿಬಿಟ್ಟೆ.

"ಸಾರ್, ಒಂದೇ ಸಲ ನೀವು ಇಲ್ಲಿ ಕೂತಿರ್ತೀರಾ? ನಾನು ಸೀಟಿ ಊದಿದ ತಕ್ಷಣ ನಲ್ಲಿ ತಿರುಗಿಸಿ, ಸಾಕು."

ಪಾಪ, ದೊಡ್ಡ ಮನುಷ್ಯರು. ವಾಶ್‌ಬೇಸಿನ್ನಿನ ಪಕ್ಕದ ಸ್ಟೂಲಿನ ಮೇಲೆ ಕೂತರು. ಆಗ ಅವರ ಫೋನು ರಿಂಗಾಯಿತು. ಯಾರೋ ಕಂಟ್ರೋಲರು ಕೆಲಸ ಬಿಡುತ್ತೇನೆಂದು ಗೋಳಾಡುತ್ತಿದ್ದಿರಬೇಕು. ನಾನು ಅಡುಗೆಮನೆಯಿಂದ ಸೀಟಿ ಊದಿದೆ. ನಲ್ಲಿಯ ಸದ್ದಿಲ್ಲ. ಮತ್ತೆ ಊದಿದೆ. ಟ್ರೇ ಹಿಡಿದು, ಸೀಟಿ ಬಾಯಲ್ಲಿಟ್ಟುಕೊಂಡು ಬಾಗಿಲಿಗೆ ಬಂದೆ. ಮ್ಯಾನೇಜರು ನನಗೆ "ಶ್!" ಎಂದು ಬೆರಳು ತೋರಿಸಿ ಫೋನಿನಲ್ಲಿ ಗುಡುಗುತ್ತಿದ್ದರು.

"ಒತ್ತಡ ಯಾರಿಗಿಲ್ಲ ರೀ? ಹಲ್ಲು ಕಚ್ಚಿ ತಡ್ಕೋಬೇಕು! ನನ್ನ ನೋಡಿ ಕಲೀರಿ! ಇಪ್ಪತ್ತು ವರ್ಷದಿಂದ ತಡ್ಕೊಂಡೇ..."

ಫಟ್!

ವಾಶ್‌ಬೇಸಿನ್ನಿನ ಕೆಳಗಿನ ಹೋಸು ಪೈಪು ತಡೆದುಕೊಳ್ಳಲಿಲ್ಲ. ಪುಣ್ಯಕ್ಕೆ ತಣ್ಣೀರಿನ ಹೋಸು! ಅದು ಹೆಡೆಯೆತ್ತಿ ಮೊದಲು ಮ್ಯಾನೇಜರ ಎದೆಗೆ, ಆಮೇಲೆ ಮೀಸೆಗೆ, ಆಮೇಲೆ ಕನ್ನಡಕಕ್ಕೆ ಕ್ರಮವಾಗಿ ಅಭಿಷೇಕ ಮಾಡಿತು. "ಮುಚ್ರೀ! ಎಲ್ಲಿ ಮುಚ್ಚೋದು?" ಎಂದು ಅವರು ಕೂಗಿದರು. ಎಲ್ಲಿ ಎಂದು ನನಗೂ ಗೊತ್ತಿರಲಿಲ್ಲ! ನಾನು ಟ್ರೇ ಕೆಳಗಿಡುವುದನ್ನೂ ಮರೆತು ಸೀಟಿ ಊದುತ್ತಲೇ ನಿಂತಿದ್ದೆ.

ಹೊರಗಿನಿಂದ ಆಗಷ್ಟೇ ಬಂದ ಹೆಂಡತಿ ಹಜಾರಕ್ಕೆ ಹರಿದುಬರುತ್ತಿದ್ದ ನೀರು ನೋಡಿ, ಬಂದ ದಾರಿಯಲ್ಲೇ ಹಿಂದಿರುಗಿ ಮೀಟರಿನ ಬಳಿ ವಾಲ್ವು ತಿರುಗಿಸಿ, ಒಳಬಂದು ಗೀಸರಿನ ಸ್ವಿಚ್ಚು ಆರಿಸಿದಳು. ಎಲ್ಲ ಸೇರಿ ಅರ್ಧ ನಿಮಿಷ.

ಸ್ವಿಚ್ಚು ಆರಿಸಿ ಆಮೇಲೆ ಟೀ ತರಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನನ್ನ ಹೆಂಡತಿಯೂ ಅದನ್ನೇ ಕೇಳಿದಳು. ಮೀಸೆ ಹಿಂಡಿಕೊಳ್ಳುತ್ತಾ ಮ್ಯಾನೇಜರೂ ಅದನ್ನೇ ಕೇಳಿದರು. ನನ್ನ ಪೈಜಾಮ ಅವರಿಗೆ ಮೊಣಕಾಲಿನವರೆಗೆ ಬಂತು. ಅದರಲ್ಲೇ, ಅತ್ತೆಯ ಶಾಲು ಹೊದ್ದು, ಕಾರು ಹತ್ತಿದರು. ಮುಖ್ಯಸ್ಥನ ಕುರ್ಚಿ ಪಕ್ಕದ ಡಿಪೋದವನ ಪಾಲಾಯಿತು.

ಹೆಂಡತಿ ಬೈಯಲಿಲ್ಲ. ನನಗೆ ಅದೇ ದೊಡ್ಡ ಹೆದರಿಕೆ. ಶಾಯಿ ಇಳಿದ ಚಾರ್ಟನ್ನು ಬಾಗಿಲಿನಿಂದ ಕಿತ್ತು ನೆಲ ಒರೆಸಿದಳು. ಉಳಿದ ನೆಲ ನಾನು ಒರೆಸಿದೆ. ಬಾಯಿಬಿಟ್ಟು ಹೇಳಲಾಗದಿದ್ದರೂ, ಬಕೆಟ್ಟಿನಲ್ಲಿ ಬಟ್ಟೆ ಹಿಂಡುವಾಗ ನನಗೆ ನಾಚಿಕೆಯಾಗಿತ್ತು. ಹದಿನೆಂಟು ದಿನ ಈ ಮೂವರನ್ನು ಸ್ಟೂಲಿನ ಮೇಲೆ ಕೂರಿಸಿದ್ದೆ.

ಮಾರನೇ ದಿನ ಪ್ಲಂಬರಮ್ಮ ಬಂದು ವಾಲ್ವು, ಹೋಸು ಬದಲಿಸಿ, ಕುಂಬಳಕಾಯಿ ಗಾತ್ರದ ಕೆಂಪು ಟ್ಯಾಂಕೊಂದನ್ನು ಪೈಪಿಗೆ ಕೂರಿಸಿದರು. ಗೀಸರು ಪೂರ್ತಿ ಕಾದರೂ ಒಂದು ಹನಿ ಇಲ್ಲ, ಒಂದು ಸದ್ದಿಲ್ಲ.

"ಹಾಗಾದ್ರೆ ಪ್ರಪಂಚದ ಎಲ್ಲಾ ಗೀಸರಿಗೂ ಇದು ಬೇಕೇ ಬೇಕು ಅನ್ನಿ!" ಎಂದೆ, ಸ್ವಲ್ಪ ಮಾನ ಉಳಿಸಿಕೊಳ್ಳಲು.

"ಇಲ್ಲ ಸಾರ್. ಹಿಗ್ಗಿದ್ದು ಹೊರಗೆ ಹೋಗೋಕೆ ದಾರಿ ಇದ್ರೆ ಬೇಡ. ದಾರಿ ಮುಚ್ಚಿದ್ರೆ ಮಾತ್ರ ಬೇಕು."

"ನಾನೂ ಅದೇ ಹೇಳಿದ್ದು! ನನ್ನ ಸಿದ್ಧಾಂತ ಸರಿಯಾಗೇ ಇತ್ತು. ಸಿಬ್ಬಂದಿಗೆ ಶಿಸ್ತು ಇರಲಿಲ್ಲ ಅಷ್ಟೇ. ಈಗ ನೋಡಿ, ಐದರ ಬದಲು ಮೂರು ನಿಮಿಷಕ್ಕೊಮ್ಮೆ ಸೀಟಿ ಊದಿದ್ದಿದ್ರೆ..." ಎಂದು ಶುರುಮಾಡಿದವನು ಒತ್ತಡ, ಒಪ್ಪಂದ, ಓವರ್‌ಟೈಮು ಎಂದು ಕಾಲು ಗಂಟೆ ಮಾತಾಡಿದೆ.

ಅತ್ತೆ ಪ್ಲಂಬರಮ್ಮನ ಹತ್ತಿರ ಸರಿದು ಕೇಳಿದರು: "ತಾಯಿ, ಇಂಥದ್ದೇ ಸಣ್ಣದೊಂದು ನಮ್ಮ ಅಳಿಯಂದ್ರಿಗೂ ಕೂರಿಸೋಕಾಗುತ್ತಾ?"

ಆಕೆ ನನ್ನನ್ನು ಪೈಪು ಪರೀಕ್ಷಿಸುವಂತೆ ಅಡಿಯಿಂದ ಮುಡಿಯವರೆಗೆ ನೋಡಿದರು.

"ಇವರಿಗೆ ಬೇಕಾಗಲ್ಲಮ್ಮ. ಒತ್ತಡ ಕಟ್ಕೊಳ್ಳೋಕೆ ಬಾಯಿ ಒಂದ್ಸಲ ಆದ್ರೂ ಮುಚ್ಚಬೇಕಲ್ಲ!"